ಬೀಗ ಹಾಕಿದ ಮನೆಯ ಒಪ್ಪಿಗೆ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಆಟದ ಬಯಲಿನ ಹಿಂದಿನ ಓಣಿಯಲ್ಲಿ, ಹಸಿರು ಬಣ್ಣ ಕಿತ್ತುಹೋದ ಬಾಗಿಲೊಂದಕ್ಕೆ ಕಿವಿ ಹಚ್ಚಿಕೊಂಡು ಹೆಂಗಸೊಬ್ಬರು ನಿಂತಿದ್ದಾರೆ. ಬಾಗಿಲಿಗೆ ಹೊರಗಿನಿಂದ ಬೀಗ. ಹಾಲಿನವನು ಸೈಕಲ್ ನಿಲ್ಲಿಸಿ ನಗುತ್ತಾನೆ: "ಏನ್ ಸದ್ದಕ್ಕ, ಬೀಗದ ಹತ್ರಾನೂ ಸಹಿ ಹಾಕಿಸ್ಕೊಳ್ತೀರಾ?"

ಅವರು ನಗುವುದಿಲ್ಲ. ತುಟಿಯ ಮೇಲೆ ಬೆರಳಿಟ್ಟು ಪಿಸುಗುಡುತ್ತಾರೆ: "ಒಳಗೆ ಯಾರೋ ಉಸಿರಾಡ್ತಿದ್ದಾರೆ."

ಸದ್ದಕ್ಕ ಎಂಬುದು ನಗರಾಡಳಿತದ ಕಚೇರಿಯ ಜವಾನ ಇಟ್ಟ ಹೆಸರು. ಬಯಲಿನಲ್ಲಿ ಮೈಕು ಹಾಕಬೇಕೆನ್ನುವವರಿಗೆಲ್ಲ ಅನುಮತಿ ತಂದುಕೊಡುವುದು ಅವರ ಕಸುಬು. ಸಭೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಹಾಡಿನ ಸ್ಪರ್ಧೆಯಿರಲಿ, ಪೊಲೀಸ್ ಠಾಣೆಗೂ ಕಚೇರಿಗೂ ಅವರೇ ಅಲೆಯಬೇಕು, ಸುತ್ತಲಿನ ಮನೆಗಳ ಒಪ್ಪಿಗೆಯನ್ನೂ ಅವರೇ ಕೇಳಬೇಕು. ಮೊದಲು ಅದೇ ಕಚೇರಿಯ ಎದುರು ಮರದ ಕೆಳಗೆ ಕುಳಿತು ಅರ್ಜಿ ಟೈಪು ಮಾಡುತ್ತಿದ್ದರು. "ಟೈಪಿನ ಸದ್ದು ನಿಂತ್ಮೇಲೆ ಬೇರೆಯವರ ಸದ್ದಿಗೆ ಗಂಟುಬಿದ್ದೆ. ನಮ್ಮ ಯಜಮಾನರಿಗೆ ಕಿವಿ ಮಂದ. ಮನೇಲಿ ಮಾತ್ರ ನನಗೆ ಯಾರ ಪರ್ಮಿಷನ್ನೂ ಬೇಡ."

ಈ ಕಸುಬಿನವರಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ರೂಢಿಯಿದೆ: ಬೀಗದ ಮನೆ, ಒಪ್ಪಿದ ಮನೆ. ಇಲ್ಲದವರು ದೂರು ಕೊಡುವುದಿಲ್ಲವಲ್ಲ! ಸದ್ದಕ್ಕನೂ ಈ ಹಸಿರು ಬಾಗಿಲನ್ನು ಹಾಗೆಯೇ ಒಪ್ಪಿದವರ ಸಾಲಿಗೆ ಸೇರಿಸಿದ್ದರು. ಅನುಮತಿ ಬಂದು ಕೈಚೀಲದಲ್ಲಿದೆ. ಇವತ್ತು ಸಂಜೆ ಬಡಾವಣೆಯ ಕ್ರೀಡಾ ಸಂಘದವರ ಹಾಡಿನ ಸ್ಪರ್ಧೆ. ಆದರೆ ನಿನ್ನೆ ಸಂಜೆ ಸ್ಪೀಕರ್ ಇಡುವ ಜಾಗ ತೋರಿಸಲು ಬಂದಾಗ, ಈ ಮನೆಯ ಕಿಟಕಿಯೊಳಗೆ ದಾರದ ಮೇಲೆ ಟವೆಲೊಂದು ಕಂಡಿತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. "ಖಾಲಿ ಮನೇಲಿ ಟವೆಲ್ ತಾನಾಗೇ ನೆನೆಯುತ್ತಾ? ಅದಕ್ಕೇ ಬೆಳಗಾಗೋ ಮುಂಚೆ ಓಡಿ ಬಂದೆ."

ಎದುರು ಮನೆಯ ಅಜ್ಜಿಯನ್ನು ಕೇಳಿದರೆ, "ಅಲ್ಲಿ ಯಾರೂ ಇಲ್ಲಮ್ಮ" ಎಂದವರೇ ಕದ ಮುಚ್ಚಿಕೊಳ್ಳುತ್ತಾರೆ. ಕೇಳಿದ್ದಕ್ಕಿಂತ ಆ ಕದ ಮುಚ್ಚಿದ ಅವಸರವೇ ಹೆಚ್ಚು ಹೆದರಿಸುತ್ತದೆ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಬ್ಬಳು ಕಾಣಿಸುತ್ತಾಳೆ. ಆಸ್ಪತ್ರೆಯಲ್ಲಿ ನೆಲ ಒರೆಸುವವಳು, ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದಾಳೆ. ತನ್ನ ಬಾಗಿಲಲ್ಲಿ ಜನ ಕಂಡು ಕಾಲು ಕಿತ್ತಿಡಲಾಗದೆ ನಿಲ್ಲುತ್ತಾಳೆ. ಬೀಗದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ.

"ಅಕ್ಕಾ, ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

ಒಳಗಿರುವುದು ಅವಳ ಗಂಡ. ಕಲ್ಲು ಕ್ವಾರಿಯಲ್ಲಿ ದುಡಿಯುತ್ತಿದ್ದವನು. ಒಂದು ದಿನ ಮದ್ದು ಸಿಡಿದು ಜೊತೆಗಾರ ತೀರಿಕೊಂಡ. ಅಲ್ಲಿಂದೀಚೆಗೆ ತಟ್ಟೆ ಬಿದ್ದರೂ ಬೀದಿಗೆ ಓಡುತ್ತಾನೆ. ಒಮ್ಮೆ ಲಾರಿಯ ಚಕ್ರಕ್ಕೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಅದಕ್ಕೇ ಬೀಗ. ಮನೆ ಮಾಲೀಕರಿಗೆ ತಿಳಿದರೆ ಮನೆ ಬಿಡಿಸುತ್ತಾರೆಂಬ ಭಯ ಬೇರೆ. ಸಂಜೆಯ ಸ್ಪರ್ಧೆ ನಡೆಸುವ ಸಂಘಕ್ಕೆ ಆ ಮಾಲೀಕರೇ ಅಧ್ಯಕ್ಷರು.

"ಹೋದ ವರ್ಷ ಬಯಲಲ್ಲಿ ಮೈಕು ಹಾಕಿ ಸಣ್ಣದೊಂದು ಸಭೆ ಇತ್ತು. ನಾನು ವಾರ್ಡಲ್ಲಿದ್ದೆ. ಬಂದು ನೋಡಿದ್ರೆ ಬಾಗಿಲ ತುಂಬ ರಕ್ತ. ತಲೆ ಚಚ್ಚಿಕೊಂಡಿದ್ರು."

"ಇವತ್ತೊಂದಿನ ಬೇರೆ ಕಡೆ ಕರ್ಕೊಂಡು ಹೋಗೋಕಾಗಲ್ವೇನಮ್ಮ?"

"ಎಲ್ಲಿಗಕ್ಕಾ? ಬಸ್ಸಿನ ಹಾರ್ನಿಗೇ ಇಳಿದು ಓಡ್ತಾರೆ."

ಕಣ್ಣಿಗೆ ರೆಪ್ಪೆ ಕೊಟ್ಟ ಭಗವಂತ ಕಿವಿಗೆ ಕದ ಕೊಡಲಿಲ್ಲ. ಅನುಮತಿಯನ್ನು ಹಿಂದಿರುಗಿಸಿದರೆ ಯಾಕೆಂದು ಹೇಳಬೇಕು, ಹೇಳಿದರೆ ಇವರಿಗೆ ನೆಲೆ ತಪ್ಪುತ್ತದೆ. ಸುಮ್ಮನಿದ್ದರೆ ಸಂಜೆ ಈ ಬಾಗಿಲ ಗತಿ ಏನೆಂದು ಗೊತ್ತು. ಹೆಂಡತಿ ಬೀಗ ತೆಗೆಯುತ್ತಾಳೆ, ಸದ್ದಕ್ಕ ಹೊಸ್ತಿಲ ಮೇಲೆ ಕೂರುತ್ತಾರೆ. ತೆರೆದ ಬಾಗಿಲಿನ ಆಚೆ, ಮಂಚದ ಹಿಂದೆ, ಮೊಣಕಾಲು ತಬ್ಬಿಕೊಂಡ ಗಂಡಸಿನ ನೆರಳು.

"ಅಣ್ಣಾ, ಸಂಜೆ ಬಯಲಲ್ಲಿ ಹಾಡಿನ ಸ್ಪರ್ಧೆ ಇದೆ. ಪರ್ಮಿಟ್ ತಂದವಳು ನಾನೇ. ನಿಮ್ಮನ್ನ ಕೇಳ್ಳೇ ಇಲ್ಲ" ಎನ್ನುತ್ತಾರೆ. ಮಂಚದ ಹಿಂದಿನಿಂದ ತುಕ್ಕು ಹಿಡಿದ ಕದ ತೆರೆದಂಥ ದನಿ:

"ಸೀಟಿ ಊದ್ತಾರಾ?"

ಕ್ವಾರಿಯಲ್ಲಿ ಮದ್ದಿಗೆ ಬೆಂಕಿ ಕೊಡುವ ಮೊದಲು ಸೀಟಿ ಊದುವುದು ಕಟ್ಟಳೆ. ಆಳುಗಳೆಲ್ಲ ಬಂಡೆಯ ಹಿಂದೆ ಅವಿತು, "ಮರೆಗೆ ಬಂದೆ" ಎಂದು ಕೂಗಬೇಕು. ಕೂಗು ಕೇಳಿದ ಮೇಲೇ ಬೆಂಕಿ.

"ಅವತ್ತು ಊದಿರಲಿಲ್ಲ" ಎನ್ನುತ್ತಾನೆ ಆತ.

ಬಯಲಿನಲ್ಲಿ ಅಧ್ಯಕ್ಷರು ಕುರ್ಚಿ ಹಾಕಿಸುತ್ತಿದ್ದಾರೆ. ಸ್ಪೀಕರುಗಳ ಮುಖ ರಸ್ತೆಯ ಕಡೆ ತಿರುಗಿಸಿ, ನಾನು ಸೀಟಿ ಊದಿ ಕೈ ಎತ್ತುವವರೆಗೆ ಸದ್ದು ಹಾಕಬೇಡಿ ಎಂದು ಸದ್ದಕ್ಕ ಕೇಳಿಕೊಂಡರೆ, ಅವರಿಗೆ ರೇಗುತ್ತದೆ. "ಪರ್ಮಿಟ್ ಬಂತಲ್ಲ, ಇನ್ನೇನಮ್ಮ ತಕರಾರು? ಸೀಟಿ ಊದೋಕೆ ಇದೇನು ರೈಲಾ? ಹಿಂದಿನ ಓಣಿ ಗೋಡೆಗೇನು ಕಿವಿ ಇದೆಯಾ?"

"ಇದೆ ಯಜಮಾನ್ರೇ" ಎಂದಷ್ಟೇ ಹೇಳುತ್ತಾರೆ ಸದ್ದಕ್ಕ. ಹೆಚ್ಚು ಹೇಳುವಂತಿಲ್ಲ. ಮೈಕಿನವನು ಅವರ ಮುಖ ನೋಡಿ ತಲೆಯಾಡಿಸುತ್ತಾನೆ: "ಅಕ್ಕ ಕೈ ಎತ್ತೋವರೆಗೂ ನಾನು ಸ್ವಿಚ್ ಮುಟ್ಟಲ್ಲ, ಬಿಡಿ."

ಸಂಜೆ. ಹೆಂಡತಿ ಪಾಳಿಗೆ ಹೊರಡುವ ಮುಂಚೆ ಬೀಗದ ಕೈಯನ್ನು ಸದ್ದಕ್ಕನ ಅಂಗೈಯಲ್ಲಿಟ್ಟು, ಆ ಕೈಯನ್ನೇ ಒಮ್ಮೆ ಕಣ್ಣಿಗೊತ್ತಿಕೊಂಡು ಹೋಗಿದ್ದಾಳೆ. ಬಯಲಿನ ಗೋಡೆ ಒಡೆದಿರುವಲ್ಲಿಂದ ಮೈಕಿನವನು ಇತ್ತಲೇ ನೋಡುತ್ತಿದ್ದಾನೆ. ಬೀಗ ಹಾಕಿದ ಹಸಿರು ಬಾಗಿಲ ಮುಂದೆ ನಿಂತು ಸದ್ದಕ್ಕ ಸೀಟಿ ಊದುತ್ತಾರೆ.

ಒಳಗಿನಿಂದ ಏನೂ ಇಲ್ಲ.

ಬಯಲಿನಲ್ಲಿ ಜನ ಚಪ್ಪಾಳೆ ತಟ್ಟಿ ಅವಸರಿಸುತ್ತಾರೆ. ಸದ್ದಕ್ಕನ ಕೈ ಮೇಲೇಳುವುದಿಲ್ಲ. ಇನ್ನೊಮ್ಮೆ ಊದುತ್ತಾರೆ. ಬಾಗಿಲಿಗೆ ಕಿವಿ ಹಚ್ಚುತ್ತಾರೆ. ಅಧ್ಯಕ್ಷರು ಕೆಂಡವಾಗಿ ಓಣಿಗೇ ನುಗ್ಗುತ್ತಾರೆ. "ಏನ್ರೀ ಇದು, ಮಕ್ಕಳಾಟ..."

"ಮರೆಗೆ ಬಂದೇ!"

ಬೀಗದ ಹಿಂದಿನಿಂದ ಬಂದ ಕೂಗಿಗೆ ಅಧ್ಯಕ್ಷರು ಬೆಚ್ಚಿ ಹಿಂದಕ್ಕೆ ಸರಿಯುತ್ತಾರೆ. ಸದ್ದಕ್ಕ ಕೈ ಎತ್ತುತ್ತಾರೆ. ಹಾಡು ಅಪ್ಪಳಿಸುತ್ತದೆ, ಕಿಟಕಿ ಅದುರುತ್ತದೆ. ಬಾಗಿಲಿಗೆ ಅಂಗೈ ಊರಿ, ಒಳಗಿನಿಂದ ತಲೆ ಚಚ್ಚುವ ಮೊದಲ ಏಟಿಗಾಗಿ ಕಾಯುತ್ತಾ ನಿಲ್ಲುತ್ತಾರೆ. ಹಾಡು ಮುಗಿಯುತ್ತದೆ. ಏಟು ಬೀಳುವುದಿಲ್ಲ.

"ಯಾರದು?" ಅಧ್ಯಕ್ಷರ ದನಿ ಇಳಿದಿದೆ.

"ನಿಮ್ಮ ಮನೇಲಿರೋರೇ. ನೀವು ಕಂಡಿಲ್ಲ. ನಾನೂ ಕಂಡಿರಲಿಲ್ಲ."

ಅಧ್ಯಕ್ಷರು ಬೀಗವನ್ನು ನೋಡುತ್ತಾರೆ, ಬಯಲಿಗೆ ಮರಳುತ್ತಾರೆ. ನಾಳೆ ಏನು ಹೇಳುತ್ತಾರೋ ಗೊತ್ತಿಲ್ಲ. ಆದರೆ ಮುಂದಿನ ಹಾಡಿಗೆ ಮುಂಚೆ ಗೋಡೆಯಾಚೆಯಿಂದ, "ತಡೀರಿ, ಸೀಟಿ ಆಗ್ಲಿ" ಎಂದು ಕೂಗಿದ ದನಿ ಅವರದೇ. ಸೀಟಿಯೂ ಸ್ಪರ್ಧೆಯ ಒಂದು ನಿಯಮವೆಂದುಕೊಂಡು ಹಾಡುವ ಹುಡುಗಿಯರು ಕಿಸಕ್ಕೆಂದು ನಗುತ್ತಾರೆ.

ನಿಮ್ಮ ಭಯ ಹೋಯಿತೇ ಎಂದು ಕೇಳಿದರೆ ಸದ್ದಕ್ಕ ಇಲ್ಲವೆಂದು ತಲೆಯಲ್ಲಾಡಿಸುತ್ತಾರೆ. "ಹೋಗೋದು ಬೇಡ. ಭಯ ಇರ್ಲಿಲ್ಲ ಅಂತ ತಾನೇ ಬೀಗ ನೋಡಿ ಮುಂದಕ್ಕೆ ಹೋದೆ? ಇನ್ಮೇಲೆ ಬೀಗ ಇದ್ರೂ ತಟ್ಟಿ, ಕಿವಿ ಕೊಟ್ಟು ನಿಲ್ತೀನಿ. ಉಳಿದೋರೂ ಹಾಗೇ ನಿಂತ್ರೆ ಸಾಕು, ಅಷ್ಟೇ ನನ್ನಾಸೆ. ಗುಡುಗು ಕೂಡ ಮೊದಲು ಮಿಂಚನ್ನ ಕಳಿಸಿ ಆಮೇಲೆ ಬರುತ್ತೆ. ನಾವೇನು ಗುಡುಗಿಗಿಂತ ದೊಡ್ಡವರಾ?"

ಮಾತು ನಿಲ್ಲಿಸಿ ಸೀಟಿಯನ್ನು ತುಟಿಗಿಡುತ್ತಾರೆ. ಊದಿ, ಬಾಗಿಲಿಗೆ ಕಿವಿ ಹಚ್ಚುತ್ತಾರೆ. ಇನ್ನೂ ಕೈ ಎತ್ತಿಲ್ಲ.