ಹತ್ತನೇ ಸಲಕ್ಕೆ ಮೂವತ್ತೊಂದು ತಪ್ಪು

ಅಕ್ಕನ ಮಗಳು ಹನ್ನೆರಡನೇ ತರಗತಿಯಲ್ಲಿ ಮನಶ್ಶಾಸ್ತ್ರ ಓದುತ್ತಾಳೆಂದು ತಿಳಿದಾಗ, ಇನ್ನು ನಮ್ಮ ತಲೆಯೊಳಗೆ ಓಡುವುದೆಲ್ಲ ಅವಳಿಗೆ ಕಾಣುತ್ತದೆ ಎಂದೇ ನಾನು ನಂಬಿದ್ದೆ. ತಿಂಗಳುಗಟ್ಟಲೆ ಅವಳ ಎದುರು ಊಟಕ್ಕೆ ಕೂತಾಗೆಲ್ಲ ಮನಸ್ಸಿನಲ್ಲೇ ಹದಿಮೂರರ ಮಗ್ಗಿ ಹೇಳಿಕೊಂಡೆ. ಓದಿದರೆ ಅದನ್ನೇ ಓದಲಿ ಅಂತ. ಆಮೇಲೆ ಗೊತ್ತಾಯಿತು, ನನ್ನ ತಲೆಯಲ್ಲಿ ಏನಿದೆ ಎಂಬ ಕುತೂಹಲವೇ ಅವಳಿಗಿರಲಿಲ್ಲ. ಅದರಿಂದ ಇನ್ನೂ ಬೇಜಾರಾಯಿತು.

ಮನೆಯಲ್ಲಿ ಅವಳನ್ನು ಕರೆಯುವುದು ಸಿಡಿಮಿಡಿ ಎಂದು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕಂಡ ಸಂಖ್ಯೆ ಬಿಟ್ಟು ಬೇರೆ ಬರೆದರೆ ಯಾರದೋ ಜೀವಕ್ಕೆ ಬರುತ್ತದೆ ಎನ್ನುವುದನ್ನು ಮಗಳಿಗೆ ಹಾಲಿನ ಜೊತೆಗೇ ಕುಡಿಸಿದ್ದಾಳೆ.

ಪ್ರಾಕ್ಟಿಕಲ್‌ಗೆ ಅವಳಿಗೊಬ್ಬ ಮನುಷ್ಯ ಬೇಕಾಗಿತ್ತು. ನಾನೇ ಮುಂದೆ ಬಂದೆ. ಒಂದು ನಕ್ಷತ್ರದ ಚಿತ್ರ, ಅಂಚಿಗೆ ಜೋಡಿ ಗೆರೆ. ಕೈ ನೇರವಾಗಿ ಕಾಣದಂತೆ ರಟ್ಟು ಅಡ್ಡ ಇಟ್ಟಿರುತ್ತಾರೆ. ಎದುರಿನ ಕನ್ನಡಿಯಲ್ಲಿ ನೋಡಿಕೊಂಡು ಆ ಜೋಡಿ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಗೆರೆಗೆ ತಾಗಿದರೆ ಒಂದು ತಪ್ಪು. ಹೀಗೆ ಹತ್ತು ಸಲ. ನಾನೋ, ಇಪ್ಪತ್ತೆರಡು ವರ್ಷದಿಂದ ಮನೆಗಳ ನಕ್ಷೆ ಬರೆದು ಬದುಕಿದವನು. ಗೆರೆ ಎಳೆಯುವುದು ನನಗೆ ಯಾವ ಲೆಕ್ಕ?

ಮೊದಲ ಸಲ ಹದಿನಾಲ್ಕು ತಪ್ಪು. ಕನ್ನಡಿ ಸೊಟ್ಟಗಿದೆ ಎಂದೆ. ಐದನೇ ಸಲ ಹತ್ತೊಂಬತ್ತು. ಪೆನ್ಸಿಲ್ ಸರಿಯಿಲ್ಲ ಎಂದೆ.

"ಮಾಮ, ಬಾಯಿ ಮುಚ್ಚಿಕೊಂಡು ಎಳೀರಿ."

ಹತ್ತನೇ ಸಲಕ್ಕೆ ಮೂವತ್ತೊಂದು. ಅವಳು ಹಾಗೇ ಬರೆದುಕೊಂಡಳು.

ಪುಸ್ತಕದ ಪ್ರಕಾರ ಅಭ್ಯಾಸವಾದಂತೆ ತಪ್ಪು ಇಳಿಯಬೇಕು. ಅವರ ಕಾಲೇಜಿನಲ್ಲಿ ಎಲ್ಲರದೂ ಇಳಿಯುತ್ತದೆ, ಏಕೆಂದರೆ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆಯುವುದೇ ಅಲ್ಲಿನ ಪದ್ಧತಿ. ಲೆಕ್ಚರರ್ ಇವಳಿಗೂ ಒಂದು ಹಳೇ ರೆಕಾರ್ಡ್ ಕೊಟ್ಟು, "ಇದನ್ನ ನೋಡಿ ತಿದ್ದಿಕೊಂಡು ಬಾ, ಆಮೇಲೆ ಸಹಿ" ಎಂದರಂತೆ. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಮೂವತ್ತು ಅಂಕ ಹೋಗುತ್ತದೆ, ವರ್ಷವೂ ಹೋಗುತ್ತದೆ.

ಮನೆಗೆ ಬಂದವಳು ಚೀಲವನ್ನು ಕುರ್ಚಿಯ ಮೇಲೆ ಕುಕ್ಕಿದಳು. "ಮೂವತ್ತೆಂಟು ಹುಡುಗರು. ಎಲ್ಲರ ಮಾಮಂದಿರೂ ಒಂದೇ ಅಳತೇಲಿ ಜಾಣರಾಗ್ತಾರಾ? ಇದಕ್ಕೆ ಮನುಷ್ಯರು ಯಾಕೆ ಬೇಕು? ಜೆರಾಕ್ಸ್ ಅಂಗಡಿ ಸಾಕಲ್ಲ."

ಸಮಾಧಾನ ಮಾಡೋಣವೆಂದು ನಾನು ಬಾಯಿ ಹಾಕಿದೆ. "ಹೋಗಲಿ ಬಿಡೇ, ಕೊನೇದು ಎರಡು ಅಂತ ಬರಿ. ಸೊನ್ನೆ ಅಂತ ಬರೆದರೂ ನನ್ನ ಅಭ್ಯಂತರ ಇಲ್ಲ."

"ಅವರಿಗೆ ಸುಳ್ಳು ಬೇಕಾಗಿರೋದು ರೆಕಾರ್ಡ್ ಚಂದ ಕಾಣಲಿ ಅಂತ. ನಿಮಗೆ ಯಾಕೆ ಬೇಕು, ಹೇಳಿ."

ನಕ್ಷೆ ಬರೆಯುವವನ ಮರ್ಯಾದೆ ಉಳಿಯಲಿ ಅಂತ ಎನ್ನುವ ಬದಲು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಮುಂದಿನ ಎಂಟು ದಿನ ಅವಳು ತಟ್ಟೆಯನ್ನು ನನ್ನ ಮುಂದೆ ಠಣ್ಣೆಂದು ಇಡುತ್ತಿದ್ದಳು.

ಒಂಬತ್ತನೇ ದಿನ, ಸಹಿಗೆ ಕೊನೆಯ ದಿನ, "ಚಪ್ಪಲಿ ಹಾಕಿಕೊಳ್ಳಿ" ಎಂದಳು. ಕಾಲೇಜಿನವರೆಗೂ ಅವಳ ಹಿಂದೆಯೇ ನಡೆದೆ. ನನ್ನನ್ನು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋದಳು. ರೆಕಾರ್ಡಿನಲ್ಲಿ ಒಂದಂಕಿಯನ್ನೂ ತಿದ್ದಿರಲಿಲ್ಲ. ಕೆಳಗೆ, 'ಪ್ರಯೋಗಕ್ಕೆ ಕೂತವರು ಪ್ರತಿ ಸಲವೂ ಕನ್ನಡಿಯೊಂದಿಗೆ ಜಗಳವಾಡಿದರು' ಎಂದು ಸೇರಿಸಿದ್ದಳು. ಲೆಕ್ಚರರ್ ಕೊನೆಗೆ ಸಹಿಯನ್ನೇನೋ ಹಾಕಿದರು. ಆದರೆ ಅದಕ್ಕೆ ಮುಂಚೆ ಕನ್ನಡಕ ಹಣೆಗೇರಿಸಿ, ಇಡೀ ಕೋಣೆಗೆ ಕೇಳುವ ಹಾಗೆ ಕೇಳಿದರು:

"ಅಲ್ಲಮ್ಮ, ಹತ್ತು ಸಲ ಮಾಡಿದ ಮೇಲೂ ಒಂದಿಷ್ಟೂ ಕಲಿಯದ ಮನುಷ್ಯ ಎಲ್ಲಾದರೂ ಇರ್ತಾನಾ?"

"ಬಾಗಿಲಲ್ಲೇ ನಿಂತಿದ್ದಾರೆ ಸರ್. ಕನ್ನಡಿ ತಂದಿದ್ದೀನಿ, ಹನ್ನೊಂದನೇ ಸಲ ನೀವೇ ಕೂರಿಸಿ."