ಅಂಚಿಲ್ಲದ ವಿಮಾನ

ನಮ್ಮತ್ತಿಗೆ ಬನಶಂಕರಮ್ಮ ಯುದ್ಧವಿಮಾನ ಮಾಡುತ್ತಿದ್ದರು. ಹೀಗಂದ ಕೂಡಲೇ ಜನ ನನ್ನ ಮುಖ ನೋಡುತ್ತಾರೆ, ನೋಡಲಿ ಬಿಡಿ. ಬೆರಳುದ್ದದ ಜೆಟ್ ವಿಮಾನಗಳು, ಮೇಜಿನ ಮೇಲೆ ಚೌಕಾಬಾರ ಆಡುವ ಕಾಯಿಗಳು. ಮಾಡಿದ್ದು ಹಿಂದೂಪುರದ ನೇಕಾರರ ಬೀದಿಯಲ್ಲಿ, ಮಗ್ಗದ ಪಕ್ಕ ಕೂತು. ಹಾಗೆ ಮಾಡಲು ಕಾರಣವಾದದ್ದು ನನ್ನ ನಾಲಿಗೆ.

ನಾನು ಗಂಗಾದೇವಿ, ಅವರ ನಾದಿನಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಆಗಿನ್ನೂ ಮದುವೆಯಾಗಿರಲಿಲ್ಲ, ಅಣ್ಣ ಅತ್ತಿಗೆಯ ಜೊತೆಯಲ್ಲೇ ಇದ್ದೆ. ದಿನವಿಡೀ "ನಂಬರ್ ಪ್ಲೀಸ್" ಎಂದು ವಿನಯದಿಂದ ಉಲಿದು ಉಲಿದು, ಮನೆಗೆ ಬಂದ ಮೇಲೆ ಯಾರನ್ನಾದರೂ ಒಂದು ಮಾತು ಚುಚ್ಚದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಆಟದಲ್ಲೂ ಅಷ್ಟೇ. ಜ್ವರ ಬಂದು ಮಲಗಿದ ಮಗುವಿನ ಜೊತೆ ಚೌಕಾಬಾರ ಆಡಿದರೂ ಒಂದು ಕಾಯಿ ಬಿಟ್ಟುಕೊಟ್ಟವಳಲ್ಲ. ಎದುರಿನವರ ಕಣ್ಣಲ್ಲಿ ನೀರು ಬಂದರೂ ಕಾಯಿ ಕಡಿದು ಮೊದಲ ಮನೆಗೆ ಅಟ್ಟಿದ್ದೇನೆ. ಇದು ಬೀದಿಗೆಲ್ಲ ಗೊತ್ತಿತ್ತು.

ಅತ್ತಿಗೆಯ ತವರು ಕಲ್ಯಾಣದುರ್ಗ. ಅವರ ಅಣ್ಣ ಅಂಜನಪ್ಪ ಏರ್‌ಫೋರ್ಸಿಗೆ ಸೇರಿ ಹತ್ತು ವರ್ಷವಾಗಿತ್ತು. ಎಪ್ಪತ್ತೊಂದರ ಯುದ್ಧ ಮುಗಿದ ಮಾರನೇ ವರ್ಷ ರಜೆಯಲ್ಲಿ ನಮ್ಮ ಮನೆಗೆ ಎರಡು ದಿನ ಇರಲು ಬಂದರು. ಯುದ್ಧದಿಂದ ಬಂದ ಮನುಷ್ಯನೆಂದರೆ ಸುಮ್ಮನೆಯೇ? ಊಟದ ಹೊತ್ತಿಗೆ ಅರ್ಧ ಬೀದಿ ನಮ್ಮ ಪಡಸಾಲೆಯಲ್ಲಿತ್ತು. ಎದುರು ಮನೆಯ ನಿರ್ಮಲಮ್ಮ ತಡೆಯಲಾರದೆ ತೆಲುಗಿನಲ್ಲೇ ಕೇಳಿಬಿಟ್ಟಳು: "ಎನ್ನಿ ವಿಮಾನಾಲು ಕೂಲ್ಚಿನಾವು ನಾಯನಾ?" ಎಷ್ಟು ವಿಮಾನ ಕೆಡವಿದೆ ಅಂತ.

ಅಂಜನಪ್ಪ ಮುದ್ದೆ ಮುರಿಯುತ್ತಾ, "ನಾನು ಕೆಡವೋನಲ್ಲ ಕಣಮ್ಮ. ನಮ್ಮ ವಿಮಾನಕ್ಕೆ ಬಣ್ಣ ಬಳೀತೀನಿ" ಅಂದರು.

ವರಸೆಯಲ್ಲಿ ಅವರು ನನಗೆ ಭಾವ. ಭಾವನನ್ನು ಆಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ! "ಅಯ್ಯೋ ಭಾವ, ಎತ್ತಿನ ಕೊಂಬಿಗೆ ಬಣ್ಣ ಬಳಿಯೋ ಕೆಲ್ಸ ಕಲ್ಯಾಣದುರ್ಗದಾಗೇ ಸಿಕ್ತಿರ್ಲಿಲ್ವಾ? ಅಷ್ಟು ದೂರ ಯಾಕೆ ಹೋದ್ರಿ?" ಅಂದೆ.

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕ ಹಾಗೆ ಮಾಡಿದರು. ಊಟ ಮುಗಿಸಿ ಕೈ ತೊಳೆದು, "ಬತ್ತೀನಮ್ಮ ಬನಶಂಕ್ರಿ" ಅಂದವರು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು. ಆಮೇಲೆ ಐದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಪಾರ್ಸೆಲ್ಲಿನಲ್ಲಿ ಸೀರೆ ಬರುತ್ತಿತ್ತು. ಸೀರೆ ನೇಯುವವಳಿಗೆ ಸೀರೆ! ಬೇಕಾಗಿದ್ದದ್ದು ಅಣ್ಣ, ಅವರು ಬರುತ್ತಿರಲಿಲ್ಲ.

ಅತ್ತಿಗೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಂದು ಜಗಳವಾಡಿ ಮುಗಿಸಬಹುದಿತ್ತು. ಒಂದು ದಿನ ಮಗ್ಗದಲ್ಲಿ ಕೂತೇ ಹೇಳಿದರು: "ನೀನು ನಗಾಡ್ದೆ ಅಂತ ಸಿಟ್ಟಿಲ್ಲ ಕಣಮ್ಮ. ನಿನ್ನ ಬಾಯಿ ಮುಚ್ಸೋಕೆ ನನ್ನತ್ರ ಮಾತಿರ್ಲಿಲ್ಲ, ಅದೇ ಸಂಕಟ. ನಮ್ಮಣ್ಣ ಅಲ್ಲಿ ಏನು ಮಾಡ್ತಾನೆ ಅಂತ ನಂಗೇ ಗೊತ್ತಿಲ್ವಲ್ಲ!"

ಅಲ್ಲಿಂದ ಅವರಿಗೆ ವಿಮಾನದ ಹುಚ್ಚು ಹಿಡಿಯಿತು. ಬೆಂಗಳೂರಿನ ಕಡೆಯಿಂದ ಯಾವಾಗಲಾದರೊಮ್ಮೆ ಜೆಟ್ಟುಗಳು ನಮ್ಮೂರ ಮೇಲೆ ಹಾಯುತ್ತಿದ್ದವು. ಸದ್ದು ಕೇಳಿದರೆ ಸಾಕು, ಲಾಳಿಯನ್ನು ಅರ್ಧದಲ್ಲೇ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ರೆಕ್ಕೆ ಎಷ್ಟು ಹಿಂದಕ್ಕೆ ಬಾಗಿದೆ, ಬಾಲ ಎಲ್ಲಿ ಶುರುವಾಗುತ್ತದೆ, ಎಲ್ಲವನ್ನೂ ಬೂದಿಯಲ್ಲೋ ಮಣ್ಣಲ್ಲೋ ಬೆರಳಿನಿಂದ ಗೀಚುವರು. ವಾರಪತ್ರಿಕೆಯಲ್ಲಿ ಒಂದು ಮಸುಕು ಫೋಟೋ ಸಿಕ್ಕಿದಾಗ ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟರು.

ಲಾಳಿಯೊಳಗೆ ನೂಲು ಸುತ್ತಿ ಕೂರಿಸುವ ಮರದ ಕೊಳವೆ ಇರುತ್ತದಲ್ಲ, ಕಂಡಿಕೆ, ಅದೇ ವಿಮಾನದ ಮೈ. ಮುಂದೆ ಸಣ್ಣ, ಹಿಂದೆ ದಪ್ಪ, ನಡುವೆ ಈ ತುದಿಯಿಂದ ಆ ತುದಿಗೆ ತೂತು. "ಜೆಟ್ಟಿಗೂ ಹಿಂಗೇ ಐತಂತೆ ಕಣೇ ಗಂಗಾ, ಮೂತಿಯಾಗೆ ಗಾಳಿ ಕುಡ್ದು ಹಿಂದಕ್ಕೆ ಉಗುಳ್ತದಂತೆ!" ಎಂದು ಮಗುವಿನ ಹಾಗೆ ಕುಣಿದರು. ಸೀರೆಗೆ ನಮೂನೆ ಮೂಡಿಸುವ ಜಕಾರ್ಡಿನ ಹಳೇ ತೂತುರಟ್ಟು ಕತ್ತರಿಸಿ ರೆಕ್ಕೆ, ಹುಣಸೆ ಬೀಜದ ಅಂಟು, ತಮ್ಮದೇ ಕೂದಲನ್ನು ಕಡ್ಡಿಗೆ ಕಟ್ಟಿ ಕುಂಚ. ಬಣ್ಣ ಮಾತ್ರ ಪೇಟೆಯಿಂದ, ತಿಳಿನೀಲಿಯ ಎನಾಮೆಲ್ ಪೈಂಟು.

"ಗೊಂಬೆ ಮಾಡಿದ್ರೆ ನೀನು ಮೂಸೂ ನೋಡಲ್ಲ. ಆಟದ ಕಾಯಿ ಮಾಡಿದ್ರೆ ಕೈಯಾಗೆ ಹಿಡೀತೀಯ" ಅಂದರು. ನನ್ನನ್ನು ಚೆನ್ನಾಗಿ ಬಲ್ಲ ಹೆಂಗಸು. ಏಳೇಳು ಮನೆಯ ಚೌಕಾಬಾರವನ್ನೇ ನೀಲಿ ಬಟ್ಟೆಯಲ್ಲಿ ನೇಯ್ದು, ನೂಲು ಸುತ್ತುವ ಹಳೇ ಮೇಜಿನ ಮೇಲೆ ಹಾಸಿದರು. ನಡುಮನೆ ವಿಮಾನ ನಿಲ್ದಾಣ. ಕವಡೆ ಹಾಕಿ, ಎದುರಾಳಿಯ ವಿಮಾನಗಳನ್ನು ಕಡಿಯುತ್ತಾ, ನಮ್ಮ ನಾಲ್ಕನ್ನೂ ನಿಲ್ದಾಣ ಸೇರಿಸಬೇಕು. ಹೊಸದಾಗಿ ಒಂದು ಕಟ್ಟಳೆ ತಂದರು: ಕವಡೆ ಹಾಕುವ ಮುಂಚೆ, ಯಾವುದನ್ನು ಹೊಡೆಯಬೇಕೋ ಅದಕ್ಕೆ ಬೆರಳು ತೋರಿಸಿ "ಕಂಡೆ" ಅನ್ನಬೇಕು. ಅನ್ನದಿದ್ದರೆ ಆ ಸಲ ಕಡಿಯುವ ಹಾಗಿಲ್ಲ. "ಕವಡೆ ಬಿದ್ಮೇಲೆ ಹುಡುಕಿ ಹುಡುಕಿ ಕಡಿಯೋದು ನಿನ್ನ ಚಾಳಿ. ಯುದ್ಧದಾಗೆ ಕಣ್ಣಿಗೆ ಬೀಳದ್ದನ್ನ ಹೊಡೆಯೋಕಾಯ್ತದಾ?" ಅಂದರು. ಸರಿ ಅಂದೆ. ಕಟ್ಟಳೆ ಯಾವುದಾದರೇನು, ಗೆಲ್ಲುವವಳು ನಾನೇ.

ಎಪ್ಪತ್ತೇಳರಲ್ಲಿ ಅಂಜನಪ್ಪ ಕೆಲಸ ಮುಗಿಸಿ ಕಲ್ಯಾಣದುರ್ಗಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟರು. ಆಗಲೂ ತಂಗಿಯ ಮನೆಗೆ ಬರಲಿಲ್ಲ. "ನಾನೇ ಹೋಯ್ತೀನಿ" ಎಂದು ಅತ್ತಿಗೆ ನಾಲ್ಕು ವಿಮಾನಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡರು. ನನಗೂ ಒಳಗೊಳಗೇ ಏನೋ ಕೊರೆಯುತ್ತಿತ್ತು. ರಜೆ ಹಾಕಿ ಜೊತೆಗೆ ಹೊರಟೆ.

ಅಂಗಡಿಯಲ್ಲಿ ಅಂಜನಪ್ಪ ಪಂಕ್ಚರ್ ಹಾಕುತ್ತಿದ್ದರು. ನನ್ನನ್ನು ನೋಡಿ "ಬಾಮ್ಮ" ಅಂದರು, ಅಷ್ಟೇ. ಅತ್ತಿಗೆ ಡಬ್ಬಿ ತೆಗೆದು, ಆಟದ ಕಟ್ಟಳೆ ಹೇಳಿದರು. ಅವರು ಒಂದು ವಿಮಾನವನ್ನು ಎತ್ತಿ, ತಿರುವಿ ಹಾಕಿ, ಹೊಟ್ಟೆಯ ಭಾಗ ನೋಡಿದರು. ಮುಖ ಅರಳಿತು. "ಭೇಷ್! ಹೊಟ್ಟೆ ಥೇಟ್ ಹಂಗೇ ಐತೆ." ಆಮೇಲೆ ಬೆನ್ನು ನೋಡಿದರು. ಬೆನ್ನೂ ತಿಳಿನೀಲಿ, ರೆಕ್ಕೆಯ ಸುತ್ತ ಜರಿಯ ಬಣ್ಣದಲ್ಲಿ ಎರಡೆಳೆ ಅಂಚು.

"ಇದೇನಮ್ಮಾ? ವಿಮಾನಕ್ಕೆ ಸೀರೆ ಉಡ್ಸಿದ್ದೀಯ?"

"ಅಂಚಿಲ್ದಿದ್ರೆ ಬೋಳುಬೋಳಾಗಿ ಕಾಣ್ತದಲ್ಲಣ್ಣ" ಅಂದರು ಅತ್ತಿಗೆ.

"ಕಾಣ್ಲೇಬಾರ್ದು ಕಣಮ್ಮ!" ಎಂದು ಅಂಜನಪ್ಪ ಕೂಗಿಯೇಬಿಟ್ಟರು. ಪಂಕ್ಚರ್ ಹಾಕಿಸಲು ಬಂದಿದ್ದವನು ಬೆಚ್ಚಿಬಿದ್ದ. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾರನೇ ದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಊರ ಪಕ್ಕದ ಗುಡ್ಡ ಹತ್ತಿಸಿದರು. ಏದುಸಿರು ಬಿಡುತ್ತಾ ಹಿಂದಿನಿಂದ ಹತ್ತಿದೆ. ಕೆಳಗೆ ಬೆಳುಗುಪ್ಪದ ಕಡೆಯವರೆಗೂ ಕಡಲೆಕಾಯಿ ಹೊಲಗಳು ಹಸಿರು, ಉತ್ತ ನೆಲ ಕೆಂಪು, ನಡುನಡುವೆ ಕಲ್ಲುನೆಲದ ಬೂದಿ ಬಣ್ಣ. ಅಂಜನಪ್ಪ ಒಂದು ನೀಲಿ ವಿಮಾನವನ್ನು ಆ ಹೊಲಗಳ ಮೇಲೆ ಬರುವಂತೆ ಕೈಯಲ್ಲಿ ಹಿಡಿದು ತೋರಿಸಿದರು.

"ನೀವು ಮೇಜಿನ ಮೇಲೆ ಆಡೋವಾಗ ಎಲ್ಲಿಂದ ನೋಡ್ತೀರಾ? ಮೇಲಿಂದ. ಮೇಲಿಂದ ನೋಡೋನು ಯಾರು? ವೈರಿ. ಅವನಿಗೆ ಇದರ ಕೆಳಗೆ ಕಾಣೋದು ಆಕಾಶ ಅಲ್ಲ, ಹೊಲ. ಈಗ ನೋಡು, ಹೆಂಗೆ ಎದ್ದು ಕಾಣ್ತದೆ! ಇದು ಮೊದ್ಲು ಬೀಳ್ತದೆ."

ಅತ್ತಿಗೆ ಹಣೆ ಚಚ್ಚಿಕೊಂಡರು. "ಥೂ ನನ್ನ! ಸೀರೆ ಮುಖ ಕೆಳಗೆ ಮಾಡಿ, ಬೆನ್ನು ನೋಡ್ಕೊಂಡು ದಿನಾ ನೇಯೋಳು ನಾನು. ಕಾಣೋ ಕಡೆ ಬೇರೆ, ಕಾಣ್ದಿರೋ ಕಡೆ ಬೇರೆ ಅಂತ ನಂಗೆ ಹೊಳೀಬಾರ್ದಾ?"

"ಅಂಚು ಇದ್ದ ಕಡೆ ಕಣ್ಣು ಹೋಯ್ತದೆ. ಅದಕ್ಕೆ ನಾವು ಹಸಿರು, ಮಣ್ಣು ಬಣ್ಣ ಎರಡನ್ನೂ ಅಂಕುಡೊಂಕಾಗಿ, ರೆಕ್ಕೆ ತುದಿ ದಾಟ್ಸಿ ಬಳೀತಿದ್ವಿ. ರೆಕ್ಕೆ ರೆಕ್ಕೆ ಹಂಗೆ ಕಾಣಬಾರ್ದು. ಹೊಳಪೂ ಇರಬಾರ್ದು."

"ನಿನ್ನ ಕೆಲ್ಸ ಚೆನ್ನಾಗೈತೆ ಅಂತ ಯಾರಾದ್ರೂ ಹೇಳಿದ್ರಾ ಅಣ್ಣ?"

ಅವರು ವಿಮಾನವನ್ನು ಡಬ್ಬಿಗೆ ಹಾಕಿದರು. "ಯಾರು ಹೇಳ್ತಾರೆ? ಚೆನ್ನಾಗೈತೆ ಅನ್ನೋಕೆ ಅದು ಕಾಣಬಾರ್ದಲ್ಲ! ಕಾಣ್ಲಿಲ್ಲ ಅಂತ ಹೇಳ್ಬೇಕಾದೋನು ಆ ಕಡೆಯ ವೈರಿ. ಅವನು ಬಂದು ಹೇಳ್ತಾನಾ? ಆವತ್ತು ನಿಮ್ಮನೆಯಾಗೆ ಎಲ್ಲಾ ನಕ್ಬುಟ್ರಲ್ಲ, ಬಸ್ಸಿನಾಗೆ ಕುಂತು ನಾನೂ ಯೋಚ್ನೆ ಮಾಡ್ದೆ. ಇಷ್ಟು ವರ್ಷ ಏನು ಮಾಡ್ದೆ ನಾನು? ಬಳ್ದೆ, ಒಣಗ್ತು, ಹಾರೋಯ್ತು. ಎತ್ತಿನ ಕೊಂಬಾದ್ರೂ ಹಬ್ಬದಾಗೆ ನಾಲ್ಕು ಜನಕ್ಕೆ ಕಾಣ್ತದೆ."

ನನಗೆ ನೆಲಕ್ಕೆ ಇಳಿದುಹೋದ ಹಾಗಾಯಿತು. ತಪ್ಪಾಯಿತು ಅನ್ನಬೇಕು ಅಂತ ಬಾಯಿ ತೆರೆದೆ. ನನ್ನ ಬಾಯಿಗೆ ಆ ಮಾತಿನ ಅಭ್ಯಾಸವೇ ಇರಲಿಲ್ಲ, ಬರಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ವೈರಿ ತಾನೇ ಬೇಕಾಗಿರೋದು? ನಮ್ಮನೆಯಾಗೇ ಒಬ್ಳು ಅವ್ಳೆ. ಅಣ್ಣ, ನಾನು ಈ ಹೊಲ ನೇಯ್ತೀನಿ. ನೀನು ನಾಲ್ಕು ವಿಮಾನಕ್ಕೆ ಬಣ್ಣ ಬಳ್ಕೊಂಡು ಬಾ. ಗಂಗಾ ಜೊತೆ ಆಡು."

ಅಂಜನಪ್ಪ ಡಬ್ಬಿಯನ್ನು ವಾಪಸ್ಸು ಕೊಡಲಿಲ್ಲ.

ಗುಡ್ಡದ ಮೇಲೆ ಕೂತೇ ಅತ್ತಿಗೆ ಸೀರೆಯ ನಮೂನೆ ಬರೆಯುವ ಚೌಕುಳಿ ಕಾಗದದಲ್ಲಿ ಹೊಲಗಳನ್ನು ಗುರುತು ಮಾಡಿಕೊಂಡಿದ್ದರು. ಒಂದು ತಿಂಗಳು, ಗಿರಾಕಿಗಳ ಸೀರೆಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಆ ಬಟ್ಟೆ ನೇಯ್ದರು. ಹತ್ತಿಯ ಒರಟು ನೂಲು, ಹಸಿರು, ಕೆಂಪು, ಬೂದಿ. ಚೌಕಾಬಾರದ ಮನೆಗಳ ಗೆರೆ ಕೂಡ ಹೊಲದ ಬದುವಿನ ಹಾಗೆ ಅಲ್ಲಲ್ಲಿ ಮಾಸಿದಂತೆ. ನೇಯ್ದು ಮುಗಿಸಿ ಅಣ್ಣನಿಗೆ ಕಾಗದ ಹಾಕಿದರು. ಒಂದು ಭಾನುವಾರ ಹೋಯಿತು, ಎರಡು ಹೋದವು. ಬಾಗಿಲಲ್ಲಿ ಸದ್ದಾದಾಗಲೆಲ್ಲ ಅತ್ತಿಗೆಯ ಕೈ ಮಗ್ಗದಲ್ಲಿ ನಿಲ್ಲುತ್ತಿತ್ತು. ಅದನ್ನು ನೋಡಿಯೂ ನೋಡದ ಹಾಗೆ ಇರುವುದು ನನಗೆ ಕಷ್ಟವಾಗುತ್ತಿತ್ತು.

ಮೂರನೇ ಭಾನುವಾರ ಬಂದರು, ಕೈಯಲ್ಲಿ ಅದೇ ಟಿಫಿನ್ ಡಬ್ಬಿ. ನೀಲಿ ಬಣ್ಣ ಕೆರೆದು, ಹೊಳಪು ಬಾರದಂತೆ ಸೀಮೆಸುಣ್ಣದ ಪುಡಿ ಬೆರೆಸಿದ ಹಸಿರು, ಮಣ್ಣು ಬಣ್ಣ ಬಳಿದಿದ್ದರು. ಕಂಡಿಕೆಗಳನ್ನು ಉದ್ದಕ್ಕೆ ಸೀಳಿ ಅರ್ಧ ಮಾಡಿದ್ದರು. "ಎದ್ದು ನಿಂತ್ರೆ ನೆರಳು ಬೀಳ್ತದೆ. ನೆರಳೂ ಹೇಳಿಕೊಡ್ತದೆ" ಅಂದರು.

ಅಂಗಳದಲ್ಲಿ ಮೇಜು ಹಾಕಿದೆವು. ನೆತ್ತಿಯ ಮೇಲೆ ಸೂರ್ಯ. ನಿರ್ಮಲಮ್ಮ, ಅವಳ ಹಿಂದೆ ಮತ್ತೆ ಅರ್ಧ ಬೀದಿ. ನನಗೆ ಮನೆಯಲ್ಲಿ ಉಳಿದಿದ್ದ ಹಳೇ ಜರಿಯಂಚಿನ ನೀಲಿ ವಿಮಾನಗಳು. ತಪ್ಪಾಯಿತು ಅಂತ ಹೇಳಲಾಗದವಳು ಸೋತಾದರೂ ಕೊಡಬೇಕು ಅಂತ ಮೊದಲು ಅಂದುಕೊಂಡಿದ್ದು ನಿಜ. ಕವಡೆ ಕೈಗೆ ಬಂದದ್ದೇ ತಡ, ಹುಟ್ಟುಗುಣ ಸುಟ್ಟರೂ ಹೋಗದು, ಭಾವನೂ ಇಲ್ಲ ಗೀವನೂ ಇಲ್ಲ! ಅವರ ಎರಡು ವಿಮಾನಗಳನ್ನು "ಕಂಡೆ, ಕಂಡೆ" ಎಂದು ಕಡಿದು ಮತ್ತೆ ಮೊದಲ ಮನೆಗೆ ಅಟ್ಟಿದೆ. ಅಂಜನಪ್ಪನ ಮುಖ ಸಣ್ಣಗಾಯಿತು. ಅತ್ತಿಗೆ ಸೆರಗಿನ ಚುಂಗು ಕಚ್ಚಿಕೊಂಡು ನಿಂತಿದ್ದರು.

ಕೊನೆಗೆ ನನ್ನ ಮೂರು ವಿಮಾನ ನಿಲ್ದಾಣ ಸೇರಿದವು. ಉಳಿದದ್ದು ಒಂದು, ನಿಲ್ದಾಣಕ್ಕೆ ನಾಲ್ಕೇ ಮನೆ. ಬಟ್ಟೆಯ ಮೇಲೆಲ್ಲ ಕಣ್ಣಾಡಿಸಿದೆ. ಅವರವು ಎರಡು ಮೊದಲ ಮನೆಯಲ್ಲಿ, ಒಂದು ದೂರದ ಮೂಲೆಯಲ್ಲಿ. ನಾಲ್ಕನೆಯದು ಆಗಲೇ ನಿಲ್ದಾಣ ಸೇರಿರಬೇಕು. ಬೆರಳು ತೋರಿಸುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಕವಡೆ ಎಸೆದೆ. ಎರಡು ಬಿತ್ತು, ಎರಡು ಮನೆ ನಡೆಸಿದೆ.

ಅಂಜನಪ್ಪ ನನ್ನ ವಿಮಾನಕ್ಕೆ ಬೆರಳು ತೋರಿಸಿ ಮೆಲ್ಲಗೆ "ಕಂಡೆ" ಅಂದರು. ಕವಡೆ ಹಾಕಿದರು. ಒಂದು. ನನ್ನ ಮೂಗಿನ ಕೆಳಗೆ, ಕೆಂಪು ಹೊಲದ ಬದುವಿನ ಪಕ್ಕದಿಂದ, ಬಟ್ಟೆಯ ಒಂದು ಚೂರೇ ಎದ್ದು ಬಂದಂತೆ ಒಂದು ವಿಮಾನ ಎದ್ದಿತು. ನನ್ನ ನೀಲಿ ವಿಮಾನ ಕಡಿದುಹೋಯಿತು.

"ಅದು ಎಲ್ಲಿತ್ತು?" ಎಂದು ಚೀರಿದೆ. "ಎಲ್ಲಿತ್ತು ಭಾವ ಅದು?"

"ನಿನ್ನ ಹಿಂದಿನ ಮನೆಯಾಗೇ. ನೀನೇ ಅದನ್ನ ದಾಟ್ಕೊಂಡು ಹೋದೆ." ಆಮೇಲೆ ಅವರ ಮುಖದಲ್ಲಿ ಅನುಮಾನ ಬಂತು. "ಬೇಕಂತ ಬಿಟ್ಯೇನಮ್ಮ? ನಿಜ ಹೇಳು."

ನಾನು ಬಾಯಿ ತೆರೆಯುವ ಮೊದಲೇ ನಿರ್ಮಲಮ್ಮ ಗಹಗಹಿಸಿ ನಕ್ಕಳು. "ಇವ್ಳಾ? ಜ್ವರ ಬಂದಿದ್ದ ನನ್ನ ಮೊಮ್ಮಗೂನೇ ಬಿಡ್ಲಿಲ್ಲ ಕಣಪ್ಪಾ ಇವ್ಳು, ನಿನ್ನ ಬಿಡ್ತಾಳಾ!"

ಬೀದಿಯೆಲ್ಲ ಹೌದು ಹೌದು ಅಂದಿತು. ನನ್ನ ಕೆಟ್ಟ ಹೆಸರು ಒಬ್ಬರ ಉಪಯೋಗಕ್ಕೆ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

"ಕಾಣ್ಲಿಲ್ಲ ಭಾವ" ಅಂದೆ. "ತಾಯಾಣೆಗೂ ಕಾಣ್ಲಿಲ್ಲ."

ಅವರು ಆ ವಿಮಾನವನ್ನು ಹೊಲದ ಬಟ್ಟೆಯ ಮೇಲೆ ಇಟ್ಟು, ದೂರ ಸರಿದು ನೋಡಿದರು. ಮತ್ತೆ ಹತ್ತಿರ ಬಂದು ನೋಡಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳಮ್ಮ" ಅಂದರು.

ಹೇಳಿದೆ. ಆವತ್ತು ಅವರು ಮಧ್ಯಾಹ್ನದ ಬಸ್ಸಿಗೆ ಹೋಗಲಿಲ್ಲ.