ಅತ್ತೆಯ ಕಿವಿ ಮಿಷನ್ನು

ಈ ಸೋಮವಾರ ದೇವರ ಮುಂದೆ ಕೆಂಡಕ್ಕೆ ರಾಳ ಹಾಕಿದೆ ನೋಡಿ, ಹೊಗೆ ಏಳುತ್ತಲೇ ಶಿವನಿಗಿಂತ ಮೊದಲು ನಮ್ಮ ಮನೆಯವರ ರಿಪೇರಿ ಮಣೆ ನೆನಪಾಯಿತು. ಅವನು ಕ್ಷಮಿಸುತ್ತಾನೆ ಬಿಡಿ. ಇದಕ್ಕಿಂತ ದೊಡ್ಡವನ್ನೇ ಕ್ಷಮಿಸಿದ್ದಾನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ನಮ್ಮವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆಗೆ ಬೇಕಾದ ರಾಳವನ್ನು ದೇವರ ಡಬ್ಬಿಯಿಂದಲೇ ಎತ್ತಿಕೊಳ್ಳುವರು. ಬೈದರೆ, "ಇದೂ ಪೂಜಿನ ಲೇ" ಎನ್ನುವರು.

ಅತ್ತೆಗೆ ಕಿವಿ ಮಂದ. ರವಿಕೆಗೆ ಸಿಕ್ಕಿಸಿಕೊಳ್ಳುವ, ಕಿವಿಗೆ ವೈರಿದ್ದ ಮಿಷನ್ನೊಂದಿತ್ತು. ಅದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಮೂಕಾಯಿತು. ಮೊದಮೊದಲು ಎಲ್ಲರೂ ಕೂಗಿ ಹೇಳಿದೆವು. ಆಮೇಲೆ ಯಾರಿಗೆ ಪುರುಸೊತ್ತು? ಅತ್ತೆಯೂ ಮಾತು ಬಿಟ್ಟರು. ಪಕ್ಕದ ಮನೆ ಗೌರಮ್ಮ, "ಪುಣ್ಯಾ ಮಾಡೀಯವಾ, ಕೇಳದ ಅತ್ತಿ ಸಿಕ್ಕಾಳ" ಎಂದಳು. ಸುಳ್ಳೇಕೆ, ನಾನೂ ನಕ್ಕೆ. ಅತ್ತೆಯ ಎದುರಿಗೇ ರೊಟ್ಟಿ ಬಡಿಯುತ್ತಾ ಬಾಯಿಗೆ ಬಂದದ್ದು ಗೊಣಗುವ ಚಟ ನನಗೆ ಅಂಟಿದ್ದು ಆಗಲೇ.

ಆರು ತಿಂಗಳ ಮೇಲೆ ನಮ್ಮವರು ಮಿಷನ್ನು ಬಿಚ್ಚಿದರು. ಒಳಗೆ ಎಳ್ಳಿನಷ್ಟು ಒಂದು ತುಣುಕು ಸೀಳಿತ್ತು. ಹಳೇ ರೇಡಿಯೋದ ಭಾಗಗಳಿಗೆ ತಂತಿಯ ಕಾಲುಗಳಿರುತ್ತಿದ್ದವು. ಇದಕ್ಕೆ ಕಾಲಿಲ್ಲ, ಹಲಗೆಯ ಮೇಲೇ ಎರಡು ತುದಿಗೆ ಬೆಸುಗೆ. ಅಂಥದೇ ಒಂದು, ಹರಪನಹಳ್ಳಿಯವರೊಬ್ಬರು ಬಿಟ್ಟುಹೋದ ಕೆಟ್ಟ ಪುಟ್ಟ ರೇಡಿಯೋದಲ್ಲಿತ್ತು. ಒಂದೇ ಒಂದು. ಅದನ್ನು ಬಿಡಿಸಲು ಒಂದು ತುದಿಯ ಬೆಸುಗೆ ಕರಗಿಸುವಷ್ಟರಲ್ಲಿ ಇನ್ನೊಂದು ಗಟ್ಟಿಯಾಗುತ್ತದೆ, ಎಳೆದರೆ ಸೀಳುತ್ತದೆ. ಎರಡೂ ಕಡೆ ಒಟ್ಟಿಗೆ ಕಾಯಬೇಕು.

"ಬಾ ಇಲ್ಲೆ. ನೀನೊಂದು ಬೆಸುಗಿ ಕಡ್ಡಿ ಹಿಡಿ, ನಾನೊಂದು."

"ನನ್ನ ಕೈಯಾಗ ಆಗಂಗಿಲ್ರೀ."

"ಕಾದ ಹಂಚಿನ ಮ್ಯಾಲಿನ ರೊಟ್ಟಿ ಬರೀ ಬೆರಳಾಗ ತಿರುವ್ತಿ, ಇದೇನ್ ಮಹಾ?"

ಪಂಚಾಕ್ಷರಿ ಜಪಿಸುತ್ತ ಹಿಡಿದೆ. ಕರೆಂಟು ಹೋಗಲಿಲ್ಲ, ಕೈ ನಡುಗಲಿಲ್ಲ. ಒಂದೇ ದಿನ ಎರಡು ಕರುಣೆ. ತುಣುಕು ಬೆಸುಗೆಯಲ್ಲಿ ತೇಲಿತು. ಎರಡು ಕಡ್ಡಿಗಳ ನಡುವೆ ಎತ್ತಿ, ಮಿಷನ್ನಿನೊಳಗೆ ಕೂರಿಸಿದೆವು.

ಅತ್ತೆ ಅದನ್ನು ಸಿಕ್ಕಿಸಿಕೊಂಡು ಏನೂ ಹೇಳದೆ ಅವರೆಕಾಯಿ ಸುಲಿಯಲು ಕೂತರು. ರಿಪೇರಿ ಆಗಲಿಲ್ಲವೇನೋ ಎಂದುಕೊಂಡು ನಾನು ರೊಟ್ಟಿಗೆ ಹೋದೆ. ಚಟ ಬಿಡಬೇಕಲ್ಲ! "ಒಂದು ಬೊಗಸಿ ಕಾಳು ಸುಲಿಯಾಕ ಈ ಮುದುಕಿಗೆ ಇಡೀ ದಿನ ಬೇಕು" ಎಂದೆ.

ಅತ್ತೆಯ ಕೈ ನಿಂತಿತು. ನನ್ನ ಕೈಯ ರೊಟ್ಟಿ ಹರಿಯಿತು.

"ಇಷ್ಟೇ ಏನವಾ ನೀನು ಅನ್ನಾದು?" ಎಂದರು. "ಆರು ತಿಂಗಳಿಂದ ಬರೇ ನಿನ್ನ ತುಟಿ ಕಾಣ್ತಿತ್ತು. ನಾನು ಯಾವಾಗ ಸಾಯ್ತೀನಿ ಅಂತ ಕೇಳ್ತೀಯೇನೋ ಅಂದ್ಕೊಂಡಿದ್ನಿ."

ಹಿಟ್ಟಿನ ಕೈಯಲ್ಲೇ ಅವರ ಕಾಲು ಹಿಡಿದೆ. "ಬಿಡು, ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋಗ್ತೈತಿ" ಎಂದು ಸರಿಸಿದರು.

ಈಗ ನನಗೂ ಕಿವಿ ಮಂದವಾಗುತ್ತಿದೆ. ಈ ಸೋಮವಾರ ರಾಳದ ಹೊಗೆ ಇನ್ನೂ ಇಳಿದಿರಲಿಲ್ಲ, ಒಲೆಯ ಹತ್ತಿರ ಸೊಸೆಯ ತುಟಿ ಆಡಿದ್ದು ಕಂಡಿತು. ಇಷ್ಟು ದಿನ ಕಂಡರೂ ಸುಮ್ಮನಿದ್ದು, ನನಗೆ ತೋಚಿದ್ದನ್ನು ತಿಳಿದುಕೊಂಡು ಕೊರಗುತ್ತಿದ್ದೆ. ಈ ಸಲ ಎದ್ದು ಹೋಗಿ ಅವಳ ಎದುರಿಗೆ ಕೂತು, "ಏನಂದಿ? ಜೋರಾಗಿ ಹೇಳವ್ವಾ" ಎಂದೆ.

"ಜೀರಗಿ ತೀರೇತಿ ಅಂದ್ನಿ, ಅತ್ತಿ."